ಜಗುಲಿ, ಅಂಗಳ, ಬಸ್ ಸ್ಟ್ಯಾಂಡು

ನಮ್ಮೂರ ಬಸ್ ಸ್ಟ್ಯಾಂಡಿನ ಒಳಗೋಡೆ ಮೇಲೆ ಏಳರ ಮಗ್ಗಿ ಇದೆ. ಇದ್ದಿಲಲ್ಲಿ ಬರೆದದ್ದು. ಈಗ ಮಸುಕಾಗಿದೆ. ಏಳೆಂಟ್ಲ ಐವತ್ತಾರಕ್ಕೆ ನಿಂತುಬಿಟ್ಟಿದೆ, ಮುಂದಿನ ಎರಡು ಸಾಲು ಇಲ್ಲ. ಬಸ್ಸಿಗೆ ಕಾಯುವವರು ಅದಕ್ಕೆ ಬೆನ್ನು ಕೊಟ್ಟು ಕೂರುತ್ತಾರೆ. ಹೊಸಬರು ಯಾರಾದರೂ ಬಂದರೆ ಮಕ್ಕಳ ಕಿತಾಪತಿ ಅಂದುಕೊಂಡಾರು. ಆದರೆ 2020ರ ಮಳೆಗಾಲದಲ್ಲಿ ಆ ಗೋಡೆಯೇ ನಮ್ಮೂರ ಶಾಲೆಯ ಬೋರ್ಡು.

ಶಿರಸಿಯಿಂದ ಕುಮಟೆಗೆ ಹೋಗುವ ರಸ್ತೆಯಲ್ಲಿ, ದೇವಿಮನೆ ಘಟ್ಟ ಇನ್ನೂ ಒಂದಿಷ್ಟು ದೂರ ಇರುವಾಗಲೇ ಒಳಗೆ ತಿರುಗಬೇಕು. ಊರು ಅಂದರೆ ಒಂದೇ ಕಡೆ ಸಿಗುವಂಥದ್ದಲ್ಲ. ಅಡಿಕೆ ತೋಟದ ತಲೆಯಲ್ಲಿ ಒಂದೊಂದು ಮನೆ, ಗುಡ್ಡ ಇಳಿದರೆ ಕೆಳಗಿನ ಕೇರಿ, ಹಳ್ಳ ದಾಟಿದರೆ ಇನ್ನೊಂದು ನಾಲ್ಕು ಮನೆ. ಇವೆಲ್ಲದರ ನಡುವೆ ಕನ್ನಡ ಶಾಲೆ. ನಾನೂ ಅಲ್ಲೇ ಓದಿದವಳು.

ಆ ವರ್ಷ ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆಗೆ ಅಂತ ಬೆಂಗಳೂರಿನಿಂದ ಬಂದಿದ್ದೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ತಪ್ಪಿಸೋ ಹಾಗಿಲ್ಲ. ಮುಗಿದ ಮೇಲೆ ಇನ್ನೊಂದು ವಾರ ಇದ್ದು ಹೋಗೋಣ ಅಂದುಕೊಂಡೆ. ಅಷ್ಟರಲ್ಲಿ ಆಫೀಸಿನವರು ಮನೆಯಿಂದಲೇ ಕೆಲಸ ಮಾಡಿ ಅಂದರು, 24ರ ರಾತ್ರಿ ಕೊರೊನಾ ಅಂತ ದೇಶಕ್ಕೇ ಬೀಗ ಬಿತ್ತು. ಒಂದು ವಾರ ಅಂದವಳು ಒಂದೂವರೆ ವರ್ಷ ಉಳಿದೆ.

ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಲೈನ್ ಇತ್ತು. ಇನ್ವರ್ಟರ್ ಇತ್ತು. ಕರೆಂಟ್ ಹೋದರೂ ನಾಲ್ಕು ತಾಸು ನನ್ನ ಕೆಲಸ ನಿಲ್ಲುತ್ತಿರಲಿಲ್ಲ. ಬೆಂಗಳೂರಿನಲ್ಲಿದ್ದ ಅಣ್ಣನ ಮಗಳಿಗೆ ಮೇ ತಿಂಗಳಿಗೇ ಆನ್‌ಲೈನ್ ಕ್ಲಾಸು ಶುರುವಾಗಿತ್ತು. ಅವಳಿಗೊಂದು ರೂಮು, ಒಂದು ಲ್ಯಾಪ್‌ಟಾಪು, ಪಕ್ಕದಲ್ಲಿ ಕೂತು ಹೇಳಿಕೊಡಲು ಅತ್ತಿಗೆ. ರಾತ್ರಿ ವಿಡಿಯೋ ಕಾಲ್ ಮಾಡಿ ಅವತ್ತು ಕಲಿತ ರೈಮ್ಸ್ ಹೇಳುತ್ತಿದ್ದಳು. ಅವಳ ಕ್ಲಾಸಿನ ಹೊತ್ತಿನಲ್ಲಿ ನಮ್ಮೂರ ಮಕ್ಕಳು ಪೇರಲೆ ಮರದಲ್ಲಿ ಇರುತ್ತಿದ್ದರು. ಮೊದಮೊದಲು ನೋಡೋಕೆ ಖುಷಿಯಾಗುತ್ತಿತ್ತು. ಜೂನ್ ಬಂತು, ಶಾಲೆ ತೆರೆಯಲಿಲ್ಲ. ಜುಲೈ ಬಂತು, ತೆರೆಯಲಿಲ್ಲ. ಆಗ ಹೊಟ್ಟೆಯೊಳಗೆ ಏನೋ ಕಸಿವಿಸಿ ಶುರುವಾಯಿತು.

ಫೋನು ಇಲ್ಲ ಅನ್ನೋದು ಎಲ್ಲರಿಗೂ ಕಾಣುವ ಕೊರತೆ. 2017-18ರ ಕೇಂದ್ರ ಸರ್ಕಾರದ ಸಮೀಕ್ಷೆಯಲ್ಲೇ ಹಳ್ಳಿಗಳಲ್ಲಿ ಇಂಟರ್ನೆಟ್ ಸೌಲಭ್ಯ ಇದ್ದ ಮನೆಗಳು ಸುಮಾರು ಶೇ 15, ಕಂಪ್ಯೂಟರ್ ಇದ್ದವು ಶೇ 4ರ ಆಸುಪಾಸು ಎಂದು ಬಂದಿತ್ತು. ಆದರೆ ಮನೆಯಲ್ಲಿ ಫೋನು ಇದೆ ಅಂದ ಮಾತ್ರಕ್ಕೆ ಮಗುವಿನ ಕೈಗೆ ಅದು ಸಿಗುತ್ತದೆ ಅಂತಲ್ಲ. ಇದನ್ನ ನಾನು ಕಲಿತದ್ದು ಕೆಳಗಿನ ಕೇರಿಯ ಆರನೇ ಕ್ಲಾಸಿನ ಹುಡುಗಿಯಿಂದ.

ಅವಳ ಮನೆಯಲ್ಲಿ ಒಂದು ಟಚ್ ಫೋನ್ ಇತ್ತು. ಅದು ಅಪ್ಪನದು. ಬೆಳಿಗ್ಗೆ ಏಳಕ್ಕೆ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೊರಟರೆ ರಾತ್ರಿ ಏಳೂವರೆಗೆ ವಾಪಸ್. ಬಂದ ಕೂಡಲೇ ಹತ್ತನೇ ಕ್ಲಾಸಿನ ಅಣ್ಣನ ಸರದಿ. ಅವನದು ಎಸ್ಸೆಸ್ಸೆಲ್ಸಿ ಅಲ್ವಾ, ಯಾರೂ ಬೇಡ ಅನ್ನುವ ಹಾಗಿಲ್ಲ. ಇವಳಿಗೆ ಸಿಗುತ್ತಿದ್ದದ್ದು ಒಂಬತ್ತರ ಮೇಲೆ, ಅದೂ ಚಾರ್ಜ್ ಉಳಿದಿದ್ದರೆ. ಮನೆಯೊಳಗೆ ನೆಟ್ವರ್ಕ್ ಇಲ್ಲ. ನೆಟ್ವರ್ಕ್ ಬೇಕು ಅಂದರೆ ಗುಡ್ಡದ ನೆತ್ತಿಗೆ ಹೋಗಬೇಕು. ರಾತ್ರಿ ಒಂಬತ್ತಕ್ಕೆ, ಆ ಮಳೆಯಲ್ಲಿ, ಉಂಬಳದ ಕಾಡಿನಲ್ಲಿ ಹೆಣ್ಣುಮಗಳನ್ನ ಗುಡ್ಡಕ್ಕೆ ಯಾರು ಕಳಿಸುತ್ತಾರೆ?

ಹಾಗಾಗಿ ಅವಳು ಒಂದು ದಾರಿ ಕಂಡುಕೊಂಡಿದ್ದಳು. ಅಪ್ಪ ಕೆಲಸದ ಜಾಗದಲ್ಲಿ, ಮಧ್ಯಾಹ್ನ ಊಟದ ಹೊತ್ತಿಗೆ, ಶಾಲೆಯ ವಾಟ್ಸಾಪ್ ಗ್ರೂಪ್ ತೆರೆದು ಬಂದದ್ದನ್ನೆಲ್ಲ ಡೌನ್‌ಲೋಡ್ ಮಾಡಿಕೊಂಡು ಬರಬೇಕು. ಅಪ್ಪನಿಗೆ ಓದಲು ಬರುವುದಿಲ್ಲ. ಯಾವ ಗ್ರೂಪು ಅಂತ ಗೊತ್ತಾಗಲಿ ಅಂತ ಪಾಠ ಮಾಡುವ ಅಕ್ಕೋರ ಫೋಟೋ ಗುರುತು ಹೇಳಿಕೊಟ್ಟಿದ್ದಳು. ಎಷ್ಟೋ ದಿನ ಅಪ್ಪ ಮರೆಯುತ್ತಿದ್ದ. ಇಲ್ಲಾ ಕರೆನ್ಸಿ ಖಾಲಿಯಾಗಿರುತ್ತಿತ್ತು. ಆಗ ಪಾಠದ ಚಿತ್ರಗಳೆಲ್ಲ ಬೂದಿ ಬಣ್ಣದಲ್ಲಿ ಮಬ್ಬಾಗಿ ಕಾಣುತ್ತಿದ್ದವು. ನಡುವೆ ಒಂದು ಬಾಣದ ಗುರುತು, ಅಷ್ಟೇ. ಒಮ್ಮೆ ಆ ಮಬ್ಬು ಚಿತ್ರ ತೋರಿಸಿ, 'ಅಕ್ಕಾ, ಇದ್ರಲ್ಲಿ ಭಿನ್ನರಾಶಿ ಇದೆ ಅನಿಸ್ತದೆ' ಅಂದಳು. ಗೆರೆಗಳ ಆಕಾರ ನೋಡಿಯೇ ಅವಳು ಅದನ್ನ ಊಹಿಸಿದ್ದಳು.

ಅವಳ ಹತ್ತಿರ ಅಕ್ಕೋರ ಒಂದು ಧ್ವನಿ ಸಂದೇಶ ಇತ್ತು. ಒಂದೂವರೆ ನಿಮಿಷದ್ದು. ಒಮ್ಮೆ ಇಳಿಸಿಕೊಂಡರೆ ಮತ್ತೆ ಕೇಳೋಕೆ ಡೇಟಾ ಬೇಡ ಅಂತ ಅದನ್ನೇ ಮತ್ತೆ ಮತ್ತೆ ಹಾಕುತ್ತಿದ್ದಳು. ನಾನೂ ಕೇಳಿದ್ದೇನೆ. 'ಮಕ್ಕಳೇ, ಎಲ್ಲರೂ ಊಟ ಮಾಡಿದ್ರಾ? ಹೊರಗೆಲ್ಲೂ ತಿರುಗಬೇಡಿ' ಅಂತ ಶುರುವಾಗುತ್ತದೆ. ಪಾಠ ಆಮೇಲೆ. ಪಾಠದ ಭಾಗ ಅವಳಿಗೆ ಆಗಲೇ ಬಾಯಿಪಾಠ ಆಗಿತ್ತು. ಆದರೂ ಹಾಕುತ್ತಿದ್ದಳು.

ಜುಲೈನಿಂದ ಚಂದನ ವಾಹಿನಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಪಾಠ ಬರತೊಡಗಿತು. ಅದು ಒಳ್ಳೆಯ ಕೆಲಸವೇ. ಆದರೆ ಮಲೆನಾಡಿನ ಜುಲೈ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಗೊತ್ತು. ಒಂದು ಮರ ಲೈನ್ ಮೇಲೆ ಬಿದ್ದರೆ ಎರಡು ದಿನ ಕರೆಂಟ್ ಇಲ್ಲ. ಕರೆಂಟ್ ಇಲ್ಲದಿದ್ದರೆ ಟೀವಿ ಇಲ್ಲ, ಸ್ವಲ್ಪ ಹೊತ್ತಿನಲ್ಲಿ ಟವರೂ ಇಲ್ಲ. ಲೈನ್‌ಮ್ಯಾನ್‌ಗಳು ಆ ಮಳೆಯಲ್ಲೂ ಕಂಬ ಹತ್ತುತ್ತಿದ್ದರು, ಅವರನ್ನ ದೂರುವ ಹಾಗಿಲ್ಲ.

ಊರಿನವರು ಸುಮ್ಮನೆ ಕೂತಿರಲಿಲ್ಲ. ಗುಡ್ಡದ ನೆತ್ತಿಯಲ್ಲಿ ನೆಟ್ವರ್ಕ್ ಸಿಗುವ ಜಾಗಕ್ಕೆ ಹುಡುಗರು ನಾಲ್ಕು ಗಳ ನೆಟ್ಟು, ಮೇಲೆ ತಾಡಪತ್ರಿ ಹೊದೆಸಿ ಒಂದು ಗುಡಿಸಲು ಮಾಡಿದರು. ಕಾಲೇಜು ಹುಡುಗರು, ಮನೆಗೆ ವಾಪಸಾದ ಕಂಪನಿ ಕೆಲಸದವರು ಎಲ್ಲ ಅಲ್ಲೇ. ಸೊಳ್ಳೆಗೆ ಅಂತ ಒಂದು ಮೂಲೆಯಲ್ಲಿ ಹೊಗೆ. ರಿಟೈರ್ಡ್ ಮಾಸ್ತರೊಬ್ಬರು ದಿನಾ ಕಂಬಳಿಕೊಪ್ಪೆ ಹಾಕಿಕೊಂಡು ಹಳ್ಳದಾಚೆಯ ನಾಲ್ಕು ಮನೆಗೆ ನಡೆದುಹೋಗಿ ಲೆಕ್ಕ ಹೇಳಿಕೊಟ್ಟು ಬರುತ್ತಿದ್ದರು. ಎಪ್ಪತ್ತು ದಾಟಿದವರು. ಮನೆಯವರು ಬೇಡ ಅಂದರೂ ಕೇಳಲಿಲ್ಲ.

ಹಳೇ ವಿದ್ಯಾರ್ಥಿಗಳು ಸೇರಿ ದುಡ್ಡು ಒಟ್ಟು ಮಾಡಿ ಆರು ಫೋನು ಕೊಂಡೆವು. ಹಂಚಿದ ದಿನ ಫೋಟೋ ತೆಗೆದೆವು. ಆ ಫೋಟೋದಲ್ಲಿ ನಾನೂ ಇದ್ದೇನೆ. ಮೂರು ತಿಂಗಳು ನಾವೇ ಕರೆನ್ಸಿ ಹಾಕಿಸಿದೆವು. ನಾಲ್ಕನೇ ತಿಂಗಳು ಯಾರು ಹಾಕಿಸಬೇಕು ಅಂತ ಗ್ರೂಪಿನಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆ ಫೋನುಗಳಲ್ಲಿ ಎರಡು ಆಮೇಲೆ ಶಿರಸಿಯ ಅಂಗಡಿಯಲ್ಲಿ ಮಾರಾಟವಾದವು. ಮಾರಿದವರ ಮೇಲೆ ನನಗೆ ಸಿಟ್ಟಿಲ್ಲ. ಮನೆಯಲ್ಲಿ ಅಕ್ಕಿಗೆ ದುಡ್ಡಿಲ್ಲದಾಗ ಕರೆನ್ಸಿ ಇಲ್ಲದ ಫೋನಿನಿಂದ ಏನು ಮಾಡಬೇಕು? ನನಗೆ ಬೇಸರ ಇರೋದು ನಾವು ಫೋಟೋ ತೆಗೆದದ್ದಕ್ಕೆ, ಮತ್ತೆ ನಾಲ್ಕನೇ ತಿಂಗಳಿಗೆ.

ಆಗಸ್ಟ್‌ನಲ್ಲಿ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾಯಿತು. ಮಕ್ಕಳು ಶಾಲೆಗೆ ಬರುವ ಹಾಗಿಲ್ಲ, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಬೇಕು. ಇಂಟರ್ನೆಟ್ ಇರುವ ಫೋನು ಇದ್ದವರು, ಬರೀ ಬಟನ್ ಫೋನು ಇದ್ದವರು, ಏನೂ ಇಲ್ಲದವರು ಅಂತ ಮೂರು ಗುಂಪು. ಒಬ್ಬೊಬ್ಬ ಶಿಕ್ಷಕರಿಗೆ ಇಂತಿಷ್ಟು ಮಕ್ಕಳು. ದೇವಸ್ಥಾನ, ಸಮುದಾಯ ಭವನ, ಮರದ ನೆರಳು, ಯಾರದ್ದಾದರೂ ಮನೆಯ ಜಗುಲಿ, ಎಲ್ಲಿ ಅನುಕೂಲವೋ ಅಲ್ಲಿ ಪಾಠ. ವಠಾರ ಶಾಲೆ ಅಂತಲೇ ಹೆಸರಾಯಿತು. ಆ ಎರಡು ವರ್ಷದಲ್ಲಿ ಬಡ ಮಕ್ಕಳನ್ನ ನೆನಪಿಟ್ಟುಕೊಂಡು ಮಾಡಿದ ಕೆಲಸ ಅಂದರೆ ನನ್ನ ಪ್ರಕಾರ ಇದೇ.

ಅಕ್ಕೋರು ನಮ್ಮ ಮನೆಗೆ ಬಂದು ಜಗುಲಿ ಕೇಳಿದರು. ನಮ್ಮದು ಹಳೇ ಕಾಲದ ಮನೆ, ಉದ್ದನೆಯ ಜಗುಲಿ, ಮೂರು ಮೆಟ್ಟಿಲು ಇಳಿದರೆ ಅಂಗಳ. ಆಯಿ, ಅಂದರೆ ನನ್ನ ಅಮ್ಮ, ಒಂದೇ ಮಾತಿಗೆ ಹೂಂ ಅಂದಳು. ಚಾಪೆ ತೆಗೆದಿಟ್ಟಳು. ಮಕ್ಕಳಿಗೆ ಕುಡಿಯೋಕೆ ಮಜ್ಜಿಗೆ ಮಾಡಿದಳು. ಕೈ ತೊಳೆಯಲು ಬಚ್ಚಲ ಹತ್ತಿರ ಬಕೆಟು, ಸೋಪು ಇಟ್ಟಳು.

ಹನ್ನೊಂದು ಮಕ್ಕಳು ಬಂದರು. ಏಳು ಜನ ಜಗುಲಿಯ ಮೇಲೆ ಕೂತರು. ನಾಲ್ಕು ಜನ ಅಂಗಳದಲ್ಲಿ ಕೂತರು. ಅಕ್ಕೋರು ನಡುವಿನ ಮೆಟ್ಟಿಲ ಮೇಲೆ ನಿಂತು ಎರಡೂ ಕಡೆಗೆ ಪಾಠ ಮಾಡಿದರು.

ಅಂತರ ಅನ್ನೋ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು. ರೇಷನ್ ಅಂಗಡಿ ಮುಂದೆ ಸುಣ್ಣದ ವೃತ್ತ, ಫೋನು ಮಾಡಿದರೆ ಮೊದಲು ಕೆಮ್ಮು, ಆಮೇಲೆ ಅಂತರ ಕಾಪಾಡಿ ಅನ್ನುವ ದನಿ. ಹಾಗಾಗಿ ಮೊದಲ ಎರಡು ದಿನ ನನಗೆ ತಿಳಿಯಲೇ ಇಲ್ಲ. ಇದೂ ಅದೇ ಅಂತರ ಅಂದುಕೊಂಡೆ. ಮೂರನೇ ದಿನ ನೋಡಿದೆ. ಜಗುಲಿಯ ಮೇಲಿನ ಏಳು ಮಕ್ಕಳು ಒಬ್ಬರ ಮೈಗೊಬ್ಬರು ಅಂಟಿಕೊಂಡೇ ಕೂತಿದ್ದರು. ಅಂಗಳದ ನಾಲ್ವರೂ ಕೆಳಗಿನ ಕೇರಿಯವರು.

ಅವತ್ತೇ ಮಳೆ ಬಂತು. ಆ ನಾಲ್ವರು ಎದ್ದು ಓಡಿ ಸೌದೆ ಕೊಟ್ಟಿಗೆಯ ಮಾಡಿನಡಿ ನಿಂತರು. ಯಾರೂ ಅವರಿಗೆ ಅಲ್ಲಿಗೆ ಹೋಗಿ ಅನ್ನಲಿಲ್ಲ. ಯಾರೂ ಇಲ್ಲಿಗೆ ಬನ್ನಿ ಅಂತಲೂ ಅನ್ನಲಿಲ್ಲ. ಮೂರನೇ ಕ್ಲಾಸಿನ ಒಬ್ಬ ಹುಡುಗನ ಬರೆಯೋ ಪಟ್ಟಿ ಅಂಗಳದಲ್ಲೇ ಉಳಿದುಬಿಟ್ಟಿತ್ತು. ಅವನು ವಾಪಸ್ ಬಂದು ಎತ್ತಿಕೊಂಡ. ಅಂಗಿಯೊಳಗೆ ಸೇರಿಸಿಕೊಂಡ. ಆಗಲೇ ಮಸಿ ಕದಡಿ ಅಕ್ಷರಗಳೆಲ್ಲ ನೀಲಿ ನೀರಾಗಿದ್ದವು. ನಾನು ಜಗುಲಿಯ ತುದಿಗೆ ಬಂದು, 'ಮೇಲೆ ಬಾರೋ ತಮ್ಮಾ' ಅಂದೆ. ಅವನು ನನ್ನನ್ನ ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಆಯಿಯನ್ನ ನೋಡಿದ. ಆಯಿ ನನ್ನನ್ನ ನೋಡಿದಳು. ಅಷ್ಟರಲ್ಲಿ ಅವನು ಕೊಟ್ಟಿಗೆ ಕಡೆ ಓಡಿಹೋದ.

ಸಂಜೆ ಆಯಿಯನ್ನ ಕೇಳಿದೆ. 'ಅದೆಂತಾ ಹೊಸತಾ ಕೂಸೆ?' ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಕೇಳಿದ್ದೇ ಅವಳಿಗೆ ಆಶ್ಚರ್ಯ. ಲಾಕ್‌ಡೌನಿನಲ್ಲಿ ಆ ನಾಲ್ಕೂ ಮನೆಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ಕಳಿಸಿದವಳು ಇದೇ ಆಯಿ. ಆ ಹುಡುಗನ ಅಮ್ಮನಿಗೆ ಜ್ವರ ಬಂದಾಗ ಕಷಾಯ ಮಾಡಿ ಕಳಿಸಿದವಳೂ ಇವಳೇ. ಅವಳ ಪ್ರೀತಿ ಸುಳ್ಳಲ್ಲ. ಆದರೆ ಅದು ಮೂರು ಮೆಟ್ಟಿಲ ಕೆಳಗೆ ನಿಂತವರ ಮೇಲಿನ ಪ್ರೀತಿ. ಇದನ್ನ ಬರೆಯುವಾಗ ನನಗೆ ನೋವಾಗುತ್ತದೆ. ಇದೇ ಜಗುಲಿಯಲ್ಲಿ ಕೂತು ನಾನು ಹತ್ತು ವರ್ಷ ಓದಿದ್ದೇನೆ. ನನ್ನ ಕ್ಲಾಸಿನವರು ಆಗ ಅಂಗಳದಲ್ಲೇ ನಿಂತು ನನ್ನನ್ನ ಆಟಕ್ಕೆ ಕರೆಯುತ್ತಿದ್ದರು. ಯಾಕೆ ಮೇಲೆ ಬರೋದಿಲ್ಲ ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ.

ಮಾರನೇ ದಿನ ಅಕ್ಕೋರು ಬೇಗ ಬಂದರು. ಆಯಿಗೆ ಕೈ ಮುಗಿದು, ನಿಮಗೆ ದಿನಾ ತೊಂದರೆ ಬೇಡ ಅಂದರು. ಮಕ್ಕಳನ್ನ ಸಾಲಾಗಿ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದರು. ನಮ್ಮೂರ ಬಸ್ಸು ಮಾರ್ಚ್‌ನಲ್ಲಿ ನಿಂತದ್ದು ಇನ್ನೂ ಶುರುವಾಗಿರಲಿಲ್ಲ. ಮೂರು ಕಡೆ ಗೋಡೆ, ಮೇಲೆ ತಗಡು, ಸುತ್ತ ಸಿಮೆಂಟಿನ ಕಟ್ಟೆ. ಹನ್ನೊಂದು ಮಕ್ಕಳು ಒಂದೇ ಕಟ್ಟೆಯ ಮೇಲೆ ಕೂತರು. ಯಾರಿಗೂ ಯಾರೂ ಏನೂ ಹೇಳಬೇಕಾಗಲಿಲ್ಲ.

ನಾನು ಕೆಲಸಕ್ಕೆ ಕೂರುವ ಮೊದಲು ದಿನಾ ಒಂದು ತಾಸು ಅಲ್ಲಿಗೆ ಹೋಗತೊಡಗಿದೆ. ಸಣ್ಣ ಮಕ್ಕಳಿಗೆ ಓದಿಸುವುದು, ಉಕ್ತಲೇಖನ ಬರೆಸುವುದು. ಒಂದು ದಿನ ಅಕ್ಕೋರು ಹೇಳಿದರು: 'ನೋಡು ತಂಗಿ, ಶಾಲೇಲಿ ಇವ್ರೆಲ್ಲ ಒಂದೇ ಸಾಲಲ್ಲಿ ಕೂತು ಉಂಡೋರು. ಅಕ್ಷರ ಮರೆತ್ರೆ ಮತ್ತೆ ಕಲಿಸ್ಬಹುದು. ಆ ಸಾಲು ಮರೆತ್ರೆ ಏನು ಮಾಡೋದು ಅಂತ ನಂಗೆ ಹೆದರಿಕೆ.'

ಆ ಮಾತು ನನ್ನೊಳಗೆ ಹಾಗೇ ಕೂತುಬಿಟ್ಟಿತು. ಊರಿನಲ್ಲಿ ಮನೆಗಳಿವೆ, ದೇವಸ್ಥಾನ ಇದೆ, ಸೊಸೈಟಿ ಕಟ್ಟಡ ಇದೆ. ಪ್ರತಿಯೊಂದು ಮಾಡಿನಡಿಗೂ ಯಾರು ಎಲ್ಲಿಯವರೆಗೆ ಬರಬಹುದು ಅಂತ ಒಂದು ಗೆರೆ ಇದೆ. ಗೆರೆ ಇಲ್ಲದ ಮಾಡು ಅಂತ ಇದ್ದದ್ದು ಕನ್ನಡ ಶಾಲೆಯದು ಮಾತ್ರ. ಅದಕ್ಕೆ ಬೀಗ ಬಿದ್ದಾಗ ಮಕ್ಕಳು ಪಾಠವನ್ನಷ್ಟೇ ಕಳೆದುಕೊಂಡರು ಅಂತ ನಾವೆಲ್ಲ ಅಂದುಕೊಂಡೆವು.

ಬಿಸಿಯೂಟದ ಕತೆಯೂ ಹೀಗೇ. ಶಾಲೆ ಮುಚ್ಚಿದ ಮೇಲೆ ಅಕ್ಕಿ, ಬೇಳೆಯನ್ನ ಮನೆಗೆ ಕೊಟ್ಟರು. ಐದನೇ ಕ್ಲಾಸಿನವರೆಗೆ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, ಆರರಿಂದ ಎಂಟಕ್ಕೆ 150 ಗ್ರಾಂ ಲೆಕ್ಕ. ಶಾಲೆಯಲ್ಲಿದ್ದಾಗ ಆ ಅನ್ನ ಮಗುವಿನದೇ. ಸಾಲದಿದ್ದರೆ ಇನ್ನೊಂದು ಸೌಟು ಹಾಕಿಸಿಕೊಳ್ಳಬಹುದು. ಮನೆಗೆ ಬಂದ ಅಕ್ಕಿ ಮನೆಯ ಅಕ್ಕಿ. ಕೆಲಸವಿಲ್ಲದ ದಿನಗಳಲ್ಲಿ ಅದರಲ್ಲಿ ಆರು ಜನ ಗಂಜಿ ಕುಡಿಯಬೇಕು.

ಕುಮಟೆ ಕಡೆ ಶಾಲೆಯಲ್ಲಿ ಕಲಿಸುವ ಗೆಳತಿಯೊಬ್ಬಳಿದ್ದಾಳೆ. ಅವಳ ಶಾಲೆಗೆ ಬರುವವರು ಹೆಚ್ಚಾಗಿ ಮೀನುಗಾರರ ಮಕ್ಕಳು. ನಮ್ಮಲ್ಲಿ ನೆಟ್ವರ್ಕ್ ಇಲ್ಲ ಅಂದರೆ ಅವಳಲ್ಲಿ ನೆಟ್ವರ್ಕ್ ಇತ್ತು, ದುಡ್ಡು ಇರಲಿಲ್ಲ. ಲಾಕ್‌ಡೌನಿಗೆ ಬೋಟು ನಿಂತವು, ಅದು ಮುಗಿಯುವಷ್ಟರಲ್ಲಿ ಜೂನ್, ಜುಲೈನ ಮೀನುಗಾರಿಕೆ ನಿಷೇಧ. ಆಗಸ್ಟ್‌ನಲ್ಲಿ ಬೋಟು ಮತ್ತೆ ಹೊರಟಾಗ ಅವಳ ಎಂಟನೇ ಕ್ಲಾಸಿನ ಇಬ್ಬರು ಹುಡುಗರೂ ಹತ್ತಿ ಹೋದರು. ಹುಡುಗಿಯರು ಸಿಗಡಿ ಸುಲಿಯುವ ಕೆಲಸಕ್ಕೆ ಕೂತರು. ವರ್ಕ್‌ಶೀಟ್ ಹಿಡಿದು ಹೋದರೆ ಒದ್ದೆ ಕೈಯಲ್ಲಿ ಮುಟ್ಟೋದು ಹೇಗೆ ಅಂತ ಪಕ್ಕದಲ್ಲಿಟ್ಟು ಹೋಗಿ ಅನ್ನುತ್ತಿದ್ದರಂತೆ. ಇವಳು ಓದಿ ಹೇಳುತ್ತಿದ್ದಳು, ಅವರು ಸುಲಿಯುತ್ತಲೇ ಉತ್ತರ ಕೊಡುತ್ತಿದ್ದರು.

ಇನ್ನೊಂದು ವಿಷಯ ನಮ್ಮ ಉತ್ತರ ಕನ್ನಡ ಜಿಲ್ಲೆಯದು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿಯರ ಮನೆಮಾತು ಕೊಂಕಣಿ. ಗೌಳಿಗರದು ಮರಾಠಿ. ಜೋಯಿಡಾದ ಕುಣಬಿಗಳ ಮನೆಯಲ್ಲೂ ಕೊಂಕಣಿಯೇ. ಆ ಮಕ್ಕಳು ಪಾಠದ ಕನ್ನಡ ಕೇಳುವುದು ಶಾಲೆಯಲ್ಲಿ. ನಮ್ಮ ಮಕ್ಕಳು ಶಾಲೆ ಇಲ್ಲದಾಗ ಓದುವುದನ್ನ ಮರೆತರೆ ಆ ಮಕ್ಕಳಿಗೆ ಪುಸ್ತಕದ ಭಾಷೆಯೇ ದೂರವಾಯಿತು. ಫೋನು ಕೊಟ್ಟರೆ ಇದು ಸರಿಹೋಗುತ್ತದಾ? ಎದುರಿಗೆ ಒಬ್ಬರು ಕೂತು ಮಾತಾಡಬೇಕು.

ಅಕ್ಟೋಬರ್‌ನಲ್ಲಿ ವಿದ್ಯಾಗಮ ನಿಂತಿತು. ರಾಜ್ಯದಲ್ಲಿ ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ತಗುಲಿದ ಸುದ್ದಿ ಬರುತ್ತಿತ್ತು. ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳಲಾರೆ. ಶಿಕ್ಷಕರೂ ಜೀವ ಕಳೆದುಕೊಂಡರು. ಕೊನೇ ದಿನ ಮಕ್ಕಳು ಏಳರ ಮಗ್ಗಿ ಬರೆಯುತ್ತಿದ್ದರು. ಅಕ್ಕೋರಿಗೆ ಫೋನು ಬಂತು. ನಾಳೆಯಿಂದ ಇಲ್ಲ ಅಂದರು. ಗೋಡೆ ಹತ್ತಿರ ನಿಂತಿದ್ದವನು ಇದ್ದಿಲನ್ನ ಕಟ್ಟೆ ಮೇಲಿಟ್ಟು ಕೈ ಒರೆಸಿಕೊಂಡ. ಮೂರನೇ ಕ್ಲಾಸಿನ ಆ ಹುಡುಗ.

ಆಮೇಲಿನದ್ದು ಎಲ್ಲರಿಗೂ ನೆನಪಿರಬಹುದು. 2021ರ ಎರಡನೇ ಅಲೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಜುಲೈ 19 ಮತ್ತು 22, ಎರಡೇ ದಿನ, ಸರಿ ಉತ್ತರಕ್ಕೆ ಗುರುತು ಹಾಕುವುದು. ಒಂದರಿಂದ ಐದನೇ ಕ್ಲಾಸಿನವರಿಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಸಣ್ಣ ಮಕ್ಕಳ ಮಟ್ಟಿಗೆ ಹತ್ತೊಂಬತ್ತು ತಿಂಗಳು.

ಅದಕ್ಕೂ ಮೊದಲೇ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕ ಸೇರಿ ಐದು ರಾಜ್ಯಗಳಲ್ಲಿ ಎರಡರಿಂದ ಆರನೇ ಕ್ಲಾಸಿನ ಮಕ್ಕಳನ್ನ ನೋಡಿದ್ದರು. ಹಿಂದಿನ ವರ್ಷ ಬರುತ್ತಿದ್ದ ಭಾಷಾ ಕೌಶಲಗಳಲ್ಲಿ ಒಂದನ್ನಾದರೂ ಕಳೆದುಕೊಂಡವರು ಶೇ 92, ಗಣಿತದಲ್ಲಿ ಶೇ 82. ಅದು ಬಂದದ್ದು 2021ರ ಫೆಬ್ರುವರಿಯಲ್ಲಿ. ಶಾಲೆ ತೆರೆಯಲು ಅಲ್ಲಿಂದ ಇನ್ನೂ ಎಂಟು ತಿಂಗಳಿತ್ತು.

ತೆರೆದ ದಿನ ಬೆಂಗಳೂರಿಗೆ ಹೊರಡುವ ಮೊದಲು ಶಾಲೆಗೆ ಹೋಗಿದ್ದೆ. ಮಾವಿನ ತೋರಣ ಕಟ್ಟಿದ್ದರು. ಫೋನಿನ ಹುಡುಗಿ ಆಗ ಏಳನೇ ಕ್ಲಾಸು. ಸಣ್ಣವರನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತಿದ್ದಳು. ಮೂರನೇ ಕ್ಲಾಸಿನವನು ನಾಲ್ಕಕ್ಕೆ ಬಂದಿದ್ದ. ಅಕ್ಕೋರು ಅವನ ಕೈಗೆ ಎರಡನೇ ಕ್ಲಾಸಿನ ಪುಸ್ತಕ ಕೊಟ್ಟರು. ಅವನು ಅದನ್ನ ನೋಡಿ, ಪಕ್ಕದವನ ಕೈಯಲ್ಲಿದ್ದದ್ದನ್ನೂ ನೋಡಿದ. ಅದೂ ಎರಡನೇದೇ ಆಗಿತ್ತು. ಸಮಾಧಾನವಾಗಿ ಕೂತ.

ಈ ಸಲ ಮಳೆಗಾಲಕ್ಕೆ ಊರಿಗೆ ಹೋಗಿದ್ದೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಸಮಯ. ಮೈಲುತುತ್ತದ ಪೊಟ್ಟಣ, ಸುಣ್ಣ, ನೂರು ಲೀಟರಿನ ಡ್ರಮ್ಮು ಎಲ್ಲ ಅಂಗಳದಲ್ಲಿ ಹರಡಿತ್ತು. ಆ ಹುಡುಗ ಅಪ್ಪನ ಜೊತೆ ಬಂದಿದ್ದ. ಈಗ ಹೈಸ್ಕೂಲು. ಮೀಸೆ ಚಿಗುರುತ್ತಿದೆ. ನಮ್ಮ ಅಪ್ಪಯ್ಯನಿಗೆ ಕನ್ನಡಕ ಸಿಗಲಿಲ್ಲ. ಪೊಟ್ಟಣದ ಮೇಲೆ ಏನಿದೆ ಓದು ಅಂತ ಅವನಿಗೆ ಕೊಟ್ಟರು. ಅವನು ಅಕ್ಷರದ ಕೆಳಗೆ ಬೆರಳಿಟ್ಟು ಓದಿದ. ಒತ್ತಕ್ಷರ ಬಂದಲ್ಲಿ ನಿಲ್ಲುತ್ತಿದ್ದ. ಒಳಗೊಳಗೇ ಒಮ್ಮೆ ಹೇಳಿಕೊಂಡು ಆಮೇಲೆ ಜೋರಾಗಿ ಹೇಳುತ್ತಿದ್ದ. ಪೂರ್ತಿ ಓದಿದ, ಒಂದೂ ತಪ್ಪಿಲ್ಲದೆ.

ಅಷ್ಟರಲ್ಲಿ ಮಳೆ ಶುರುವಾಯಿತು. 'ಮೇಲೆ ಬಾರೋ' ಅಂದೆ. ಅವನು ಬಾಗಿಲ ಕಡೆ ನೋಡಿದ. ಆಯಿ ಅಲ್ಲೇ ನಿಂತಿದ್ದಳು, ಈಗ ಬೆನ್ನು ಬಾಗಿದೆ. ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ, 'ನೆನಿಬೇಡ, ಬಾ' ಅಂದಳು.

ಅವನು ಎರಡು ಮೆಟ್ಟಿಲು ಹತ್ತಿ ಮೂರನೆಯದರ ಮೇಲೆ ಕೂತ. ಕಾಲು ಕೆಳಗಿನ ಮೆಟ್ಟಿಲ ಮೇಲೆ ಇತ್ತು. ಪೊಟ್ಟಣ ಒದ್ದೆಯಾಗದ ಹಾಗೆ ಅಂಗಿಯೊಳಗೆ ಇಟ್ಟುಕೊಂಡಿದ್ದ.